ಅಣ್ಣ ಮುಟ್ಟಿದರೆ ಸಾಯುವ ಲ್ಯಾಪ್‌ಟಾಪ್

ಮನೆ, ಮಹಡಿ ಮೆಟ್ಟಿಲು
೧೪ನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅತ್ತಿಗೆ,

ಹೇಗಿದ್ದೀರಿ? ತವರಿನ ಊಟ ಮೈಗೆ ಹತ್ತುತ್ತಿದೆಯೇ? ತಲೆನೋವು ಹೋಯಿತೇ, ಅಥವಾ ಅದನ್ನು ನನ್ನ ಅಣ್ಣನ ರೂಪದಲ್ಲಿ ಇಲ್ಲೇ ಬಿಟ್ಟುಹೋದಿರೇ? ನೀವು ಹೋಗಿ ಹತ್ತೊಂಬತ್ತು ದಿನ. ಫೋನ್ ಎತ್ತುತ್ತಿಲ್ಲ; ಎತ್ತಬೇಡಿ, ನಿಮ್ಮ ಹಕ್ಕು. ಅದಕ್ಕೇ ಈ ಕಾಗದ. ಅಮ್ಮ ಆರೋಗ್ಯವಾಗಿದ್ದಾಳೆ. ದಿನಕ್ಕೆ ನಾಲ್ಕು ಸಲ ಬೀದಿ ಕಡೆ ಕಣ್ಣು ಹಾಯಿಸಿ, ಹಾಯಿಸಲೇ ಇಲ್ಲವೆಂಬಂತೆ ಒಳಗೆ ಹೋಗುತ್ತಾಳೆ.

ಇನ್ನು ಲ್ಯಾಪ್‌ಟಾಪ್ ಚಿಕಿತ್ಸಾ ಮಂಡಳಿಯ ಅಧ್ಯಕ್ಷರೂ ಕಾರ್ಯದರ್ಶಿಯೂ ಏಕೈಕ ಸದಸ್ಯರೂ ಆದ ಅಣ್ಣನವರ ಸಮಾಚಾರ. ನಿಮ್ಮ ಲ್ಯಾಪ್‌ಟಾಪ್ ಮುಂದೆ ಅವರು ಕೂತ ತಕ್ಷಣ ಪರದೆ ಕಪ್ಪಾಗುವ ರೋಗ ನೀವು ಹೋದ ಮೇಲೂ ವಾಸಿಯಾಗಲಿಲ್ಲ. ಮೊದಲು ಚಾರ್ಜರ್ ತಪ್ಪಿತಸ್ಥ ಎಂದರು, ಹೊಸದು ಬಂತು. ಆಮೇಲೆ ಗೋಡೆಯ ಪ್ಲಗ್ಗು. ಮನೆಯ ಪ್ಲಗ್ಗುಗಳೆಲ್ಲ ಸರದಿಯಲ್ಲಿ ವಿಚಾರಣೆಗೆ ಹಾಜರಾದವು. ಆಮೇಲೆ ಬ್ಯಾಟರಿ ಬಿಚ್ಚಿ, ಪವರ್ ಗುಂಡಿ ಒತ್ತಿ ಹಿಡಿದು, ಮೂವತ್ತರವರೆಗೆ ಗಟ್ಟಿಯಾಗಿ ಎಣಿಸಿದರು. ಇಪ್ಪತ್ತೆರಡಕ್ಕೆ ಸೀನು ಬಂತು, ಮತ್ತೆ ಒಂದರಿಂದ! ರಕ್ತಸಂಚಾರಕ್ಕೆಂದು ಎಡಗೈಗೆ ಹಾಕಿಕೊಂಡ ಅಯಸ್ಕಾಂತದ ಕಡಗವನ್ನು ತಿರುವುತ್ತಾ, ‘ಇದೆಲ್ಲ ನಿಮಗೆ ಅರ್ಥ ಆಗಲ್ಲ, ಬಿಡಿ’ ಎಂದು ನಮ್ಮ ಅಜ್ಞಾನವನ್ನು ಕ್ಷಮಿಸಿದರು. ಕೊನೆಗೆ ರಿಪೇರಿ ಅಂಗಡಿಗೆ ಹೊತ್ತರು. ಅಲ್ಲಿ ಅದು ಮೂರು ಗಂಟೆ ಮುದ್ದಾಗಿ ಓಡಿತು. ಅಂಗಡಿಯವನು ‘ಯಂತ್ರ ಸರಿಯಾಗಿದೆ ಸಾರ್, ನಿಮ್ ಕೈಗುಣ ಹೆಂಗೋ ಏನೋ’ ಎಂದನಂತೆ. ಕುಣಿಯಲಾರದವರಿಗೆ ನೆಲ ಡೊಂಕು ಎಂದು ಕೇಳಿದ್ದೆ. ನಮ್ಮವರಿಗೆ ನೆಲ, ಗೋಡೆ, ಕರೆಂಟು, ಕಟ್ಟಿಕೊಂಡ ಹೆಂಡತಿ ಎಲ್ಲವೂ ಡೊಂಕು.

ಕಳೆದ ಶುಕ್ರವಾರದಿಂದ ಅದು ಅಣ್ಣನ ಕೈಯಲ್ಲೂ ಓಡುತ್ತಿದೆ. ‘ನಾನೇ ಸರಿಮಾಡಿದ್ದು’ ಎಂದು ಹಾಲಿನವನಿಗೂ ಹೇಳಿ ಆಯಿತು. ನೀವು ಚೀಟಿಯಲ್ಲಿ ಬರೆದಿಟ್ಟು ಹೋದ ಪಾಸ್‌ವರ್ಡ್ ಹಾಕಿ ಒಳಗೆಲ್ಲ ತಡಕಾಡಿದರು. ಸಿಕ್ಕಿದ್ದು ಏಳನೇ ತರಗತಿಯ ಪ್ರಶ್ನೆಪತ್ರಿಕೆಗಳು, ಮತ್ತು ಅವರದೇ ಮದುವೆಯ ಫೋಟೊ. ಮುಖ ಸಣ್ಣದಾಯಿತು. ಆದರೆ ಬಾಯಿಂದ ತಪ್ಪಾಯಿತು ಎಂಬ ಮಾತು ಬಂತೇ? ಅದಕ್ಕೂ ಬ್ಯಾಟರಿ ಬೇಕೇನೋ.

ನಿಮ್ಮ ಅಮ್ಮನಿಗೆ ನನ್ನ ಸಾಷ್ಟಾಂಗ ನಮಸ್ಕಾರ. ನಿಮ್ಮ ತಂಗಿಯ ಜಡೆಯನ್ನು ನನ್ನ ಪರವಾಗಿ ಒಮ್ಮೆ ಎಳೆಯಿರಿ.

ನಿಮ್ಮ ನಾದಿನಿ,
ತರಲೆ

ಮರೆತಿದ್ದೆ (ಸುಳ್ಳು, ಮರೆತಿರಲಿಲ್ಲ): ಲಕೋಟೆಯಲ್ಲಿರುವುದು ಅಣ್ಣನ ಕಡಗ. ಗುರುವಾರ ಅವನು ಸ್ನಾನಕ್ಕೆ ಹೋದಾಗ ಎತ್ತಿದೆ; ಇನ್ನೂ ಹುಡುಕುತ್ತಿದ್ದಾನೆ. ಲ್ಯಾಪ್‌ಟಾಪಿನ ಮುಚ್ಚಳದಲ್ಲಿ ಪುಟ್ಟ ಅಯಸ್ಕಾಂತ ಇರುತ್ತದೆ. ಮುಚ್ಚಿದಾಗ ಅದು ಕೆಳಗಿನ ಭಾಗಕ್ಕೆ ತಾಗುವಷ್ಟು ಹತ್ತಿರ ಬಂದರೆ ಯಂತ್ರ ನಿದ್ದೆಹೋಗುತ್ತದೆ. ಅಣ್ಣ ಕೀಲಿಗಳ ಪಕ್ಕ ಕಡಗದ ಎಡಗೈ ಊರಿದಾಗಲೆಲ್ಲ, ಪಾಪ, ಅದು ಮುಚ್ಚಳ ಮುಚ್ಚಿತು ಎಂದುಕೊಂಡು ಮಲಗುತ್ತಿತ್ತು. ಅಷ್ಟೇ ರೋಗ.

ಇದು ನನಗೆ ರೋಗ ಶುರುವಾದ ಎರಡನೇ ದಿನವೇ, ನೀವು ಇಲ್ಲಿದ್ದಾಗಲೇ ಗೊತ್ತಾಗಿತ್ತು ಅತ್ತಿಗೆ. ಕಡಗ ಹಾಕಿಕೊಂಡು ಅಣ್ಣನನ್ನು ಅಣಕಿಸುತ್ತಿದ್ದೆ, ಪರದೆ ಆರಿತು. ಅವನು ಇನ್ನಷ್ಟು ಕುಣಿಯಲಿ ಎಂದು ಬಾಯಿ ಮುಚ್ಚಿಕೊಂಡೆ. ಆರನೇ ದಿನ ಅವನು ಅಮ್ಮನ ಎದುರಿಗೇ ನಿಮಗೆ ‘ನಾನು ಮುಟ್ಟಿದ್ರೆ ಸಾಯುತ್ತೆ, ನೀನು ಮುಟ್ಟಿದ್ರೆ ಬದುಕುತ್ತೆ, ಏನು ಬಚ್ಚಿಟ್ಟಿದ್ದೀಯ ಅದರಲ್ಲಿ?’ ಎಂದಾಗ ನಾನು ಬಾಗಿಲ ಹಿಂದೆಯೇ ಇದ್ದೆ. ನಗು ಗಂಟಲಲ್ಲೇ ಸತ್ತಿತು, ಮಾತೂ ಸತ್ತಿತು. ನೀವು ಚೀಲ ಹಿಡಿದು ಮೆಟ್ಟಿಲಿಳಿಯುವಾಗಲೂ ಸತ್ತೇ ಇತ್ತು. ಅಣ್ಣ ದಡ್ಡ; ನಾನು ಅವನಿಗಿಂತ ಕಡೆ.

ಅವನಿಗೆ ಇನ್ನೂ ಹೇಳಿಲ್ಲ. ಹೇಳುವ ಹಕ್ಕು ನಿಮ್ಮದು. ಭಾನುವಾರ ಬನ್ನಿ, ಅಮ್ಮನ ಎದುರಿಗೇ ಕಡಗವನ್ನು ಕೀಲಿಗಳ ಪಕ್ಕ ಇಡಿ. ಆಮೇಲೆ ಅಣ್ಣನಿಗೆ ಬೈಯುವಷ್ಟೇ ಹೊತ್ತು ನನಗೂ ಬೈಯಿರಿ. ಈ ಸಲ ಬಾಗಿಲ ಹಿಂದೆ ನಿಲ್ಲುವುದಿಲ್ಲ.