ಕೊಲೆ ಕಥೆಯ ಕೊನೆಗೊಂದು ಮದುವೆ

ಭಾನುವಾರ, ಊಟವಾದ ಮೇಲೆ

ನನ್ನ ಮುದ್ದು ಅಮ್ಮನಿಗೆ,

ನಿನ್ನ ಬಾಯಿಬಡುಕಿ ಮಗಳ ನಮಸ್ಕಾರ. ಆರೋಗ್ಯವಾಗಿದ್ದೇನೆ. ಹೊಟ್ಟೆ ತುಂಬ ತಿನ್ನುತ್ತಿದ್ದೇನೆ. ಕೆಲಸದ ವಿಷಯ ಆಮೇಲೆ ಹೇಳುತ್ತೇನೆ, ಹೆದರಬೇಡ. ಸರಿ, ಸ್ವಲ್ಪ ಹೆದರು.

ಮೊದಲು ನೀನು ಕಳಿಸಿದ ಪ್ರೇಮ ಕಾದಂಬರಿಗಳ ವಿಷಯ. ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ, ಕಾಲು ನೋಯುತ್ತಿದ್ದರೂ ಇವುಗಳನ್ನು ಓದಿ ಕಣ್ಣೀರು ಹಾಕುತ್ತೀಯಲ್ಲ, ನಿನಗೆ ಕೈ ಮುಗಿಯಬೇಕು. ನೀಲಿ ರಟ್ಟಿನದ್ದರಲ್ಲಿ ನಾಯಕಿ ಮೆಟ್ಟಿಲ ಮೇಲೆ ಜಾರುತ್ತಾಳೆ, ನಾಯಕ ಹಿಡಿದುಕೊಳ್ಳುತ್ತಾನೆ. ಅಂಗಳದಲ್ಲಿ ಜಾರುತ್ತಾಳೆ, ಹಿಡಿದುಕೊಳ್ಳುತ್ತಾನೆ. ಇಷ್ಟು ಸಲ ಜಾರುವವಳನ್ನು ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಬೇಕಲ್ಲವಾ? ಅವನಾದರೂ ಡಾಕ್ಟರೇ, ಆದರೆ ಪುಸ್ತಕ ಮುಗಿಯುವವರೆಗೆ ಒಬ್ಬ ರೋಗಿಯನ್ನೂ ಮುಟ್ಟುವುದಿಲ್ಲ. ನಿನ್ನ ಆಸ್ಪತ್ರೆಯಲ್ಲಿ ಇಂಥವರಿದ್ದಾರಾ ಬರೆ. ಆ ಕಾದಂಬರಿಯಲ್ಲಿ ಯಾರೂ ಬಟ್ಟೆ ಒಗೆಯುವುದಿಲ್ಲ, ಯಾರಿಗೂ ನೆಗಡಿ ಬರುವುದಿಲ್ಲ. ಹಳದಿ ರಟ್ಟಿನದ್ದು ಪರವಾಗಿಲ್ಲ. ಅದರಲ್ಲಿ ಇಬ್ಬರೂ ಜಗಳವಾಡುತ್ತಾರೆ, ಜಗಳ ನಿಜವಾದ ಜಗಳದ ಹಾಗೇ ಇದೆ. ಮೂರನೇ ದಿನಕ್ಕೆ ಯಾವುದಕ್ಕೆ ಶುರುವಾಯಿತು ಅಂತ ಇಬ್ಬರಿಗೂ ಮರೆತುಹೋಗಿರುತ್ತದೆ.

ನಾನಾಗಿ ಹುಡುಕಿಕೊಂಡು ಓದಿದ ಥ್ರಿಲ್ಲರುಗಳೂ ಸಾಚಾ ಅಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಒಂದರಲ್ಲಿ ಕೊನೆಯ ಪುಟದಲ್ಲಿ, ಕೊಂದವನು ಇವನಲ್ಲ, ಇವನ ಅವಳಿ ತಮ್ಮ ಅಂದುಬಿಟ್ಟರು. ಅಷ್ಟು ಹೊತ್ತು ಆ ತಮ್ಮ ಎಲ್ಲಿದ್ದ, ಊಟ ಯಾರು ಹಾಕುತ್ತಿದ್ದರು? ಇದು ಮೋಸ. ಇಸ್ಪೀಟು ಆಡುವಾಗ ಅಂಗಿಯೊಳಗಿಂದ ಎಲೆ ತೆಗೆದ ಹಾಗೆ.

ಈಗ ಕೆಲಸದ ವಿಷಯ. ಈ ಕೆಲಸವನ್ನೂ ಕಳೆದುಕೊಂಡರೆ ಮತ್ತೆ ಹತ್ತನೇ ಕ್ಲಾಸಿಗೆ ಸೇರಿಸುತ್ತೇನೆ, ನಿನ್ನ ಭುಜದೆತ್ತರ ಇಲ್ಲದ ಮಕ್ಕಳ ಪಕ್ಕ ಬೆಂಚಿನ ಮೇಲೆ ಕೂತು ಪಾಠ ಒಪ್ಪಿಸು ಅಂತ ನೀನು ಬರೆದಿದ್ದೆ. ಆ ಬೆಂಚು ಕನಸಿನಲ್ಲೂ ಬಂತಮ್ಮ. ಬಟ್ಟೆ ಅಂಗಡಿಯಲ್ಲಿ, ಆ ಬಣ್ಣ ನಿಮಗೆ ಒಪ್ಪಲ್ಲ ಅಂತ ಗಿರಾಕಿಗೆ ಹೇಳಿದ್ದಕ್ಕೆ ಕಳಿಸಿದರು. ಫೋಟೋ ಸ್ಟುಡಿಯೋದಲ್ಲಿ ಒಬ್ಬರು, ನಾನು ನಿಜವಾಗಲೂ ಹೀಗಿದ್ದೀನಾ ಅಂತ ಕೇಳಿದರು. ಹೌದು ಅಂದೆ, ಅಲ್ಲಿಂದಲೂ ಕಳಿಸಿದರು. ಆದರೆ ಈ ಬೈಂಡಿಂಗ್ ಅಂಗಡಿ ಬೇರೆ. ಇಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಕೂರಬೇಕಾಗಿಯೂ ಇಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಒಂದು ಜಾಗಕ್ಕೆ ಬೆಳಿಗ್ಗೆ ಓಡಿಹೋಗಬೇಕು ಅನ್ನಿಸುತ್ತದೆ.

ಕೆಲಸ ಹೀಗೆ. ಪ್ರೆಸ್ಸಿನಿಂದ ದೊಡ್ಡ ಹಾಳೆಗಳು ಬರುತ್ತವೆ. ಮಡಿಸಿದರೆ ಒಂದೊಂದೂ ಹದಿನಾರು ಪುಟ, ಅದಕ್ಕೆ ಫಾರಂ ಅನ್ನುತ್ತಾರೆ. ಮೇಜಿನ ಸುತ್ತ ಫಾರಂಗಳ ಗುಡ್ಡೆ ಸಾಲಾಗಿ ಇಟ್ಟು, ಸುತ್ತು ಹಾಕುತ್ತಾ ಒಂದೊಂದು ಗುಡ್ಡೆಯಿಂದ ಒಂದೊಂದು ಎತ್ತಿಕೊಂಡರೆ ಒಂದು ಪುಸ್ತಕ. ನಾನು ಎತ್ತುತ್ತೇನೆ, ಗುಡ್ಡೆ ಇಡುವವನೂ ಹೊಲಿಯುವವನೂ ಸೂಜಿ. ಸೂಜಿ ಅಂದರೆ ಹೊಲಿಗೆಯ ಹುಡುಗ. ಅವನ ಕೈಯಲ್ಲಿ ಯಾವಾಗಲೂ ಸೂಜಿ ಇರುತ್ತದೆ, ಆಳೂ ಹಾಗೇ ಇದ್ದಾನೆ.

ಹೋದ ವಾರ ಒಂದೇ ಪ್ರಕಾಶನದ ಎರಡು ಪುಸ್ತಕ ಒಟ್ಟಿಗೆ ಬಂದವು. ಒಂದು ಕೊಲೆ, ಒಂದು ಪ್ರೇಮ. ಒಂದೇ ಅಳತೆ, ಎರಡಕ್ಕೂ ಹದಿಮೂರು ಫಾರಂ. ಶನಿವಾರ ಕಟ್ಟಿ ಮುಗಿಸಿದೆವು. ಸೋಮವಾರ ಟೆಂಪೋ ಬಂದು ಎಲ್ಲವನ್ನೂ ಒಯ್ಯಬೇಕಿತ್ತು. ಅಂಚು ಹರಿದ ಪ್ರತಿಗಳನ್ನು ಯಜಮಾನರು ನನಗೇ ಕೊಡುತ್ತಾರೆ. ಎರಡನ್ನೂ ರೂಮಿಗೆ ತಂದು ಹೋದ ಭಾನುವಾರ ಇಡೀ ಓದಿದೆ.

ಅಮ್ಮಾ, ಎಂಥಾ ಕೊಲೆ ಕಥೆ ಗೊತ್ತಾ! ಕತ್ತಲೆ ಗೋದಾಮು. ಡಾಕ್ಟರು ಪಿಸ್ತೂಲು ಹಿಡಿದು ಒಳಗೆ ಹೋಗುತ್ತಾರೆ. ಮೂಲೆಯಲ್ಲಿ ಯಾರೋ ಉಸಿರಾಡುತ್ತಿದ್ದಾರೆ. ಪುಟ ತಿರುಗಿಸಿದೆ. ಡಾಕ್ಟರು ತಲೆ ತಗ್ಗಿಸಿ, ನೀನಿಲ್ಲದೆ ನನಗೆ ಆ ಮನೆಯಲ್ಲಿ ದೀಪ ಹಚ್ಚಲೂ ಮನಸ್ಸಿಲ್ಲ ಅನ್ನುತ್ತಾರೆ. ನಾನು ಗಳಗಳ ಅತ್ತುಬಿಟ್ಟೆ. ಕೊಲೆಗಾರ್ತಿಯನ್ನೇ ಪ್ರೀತಿಸಿದ್ದಾರಲ್ಲಪ್ಪಾ, ಹಿಡಿಯಲು ಬಂದವರು ಬೇಡುತ್ತಿದ್ದಾರಲ್ಲ ಅಂತ. ಅವಳ ಹೆಸರು ಬದಲಾಗಿತ್ತು. ಥ್ರಿಲ್ಲರಿನಲ್ಲಿ ಎಲ್ಲರಿಗೂ ಎರಡು ಹೆಸರಿರುತ್ತದೆ, ಇದೇ ನಿಜವಾದ ಹೆಸರು ಅಂದುಕೊಂಡೆ. ಕೊನೆಗೆ ಮದುವೆ. ಕೊಲೆಯಾದವನ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಅದನ್ನೂ, ಅಬ್ಬಾ ಎಂಥಾ ಧೈರ್ಯದ ಲೇಖಕಿ ಅಂತ ಮೆಚ್ಚಿಕೊಂಡೆ.

ಆಮೇಲೆ ಪ್ರೇಮ ಕಥೆ. ಹನ್ನೆರಡು ಫಾರಂ ಉದ್ದಕ್ಕೂ ನಿಟ್ಟುಸಿರು. ಅವಳು ರೈಲ್ವೆ ಪ್ಲಾಟ್‌ಫಾರಂ ಮೇಲೆ ಡಾಕ್ಟರಿಗೆ ಕಾಯುತ್ತಾ ನಿಂತಿದ್ದಾಳೆ, ಕಣ್ಣಲ್ಲಿ ನೀರು. ಪುಟ ತಿರುಗಿಸಿದರೆ ಅವಳ ಕೈಯಲ್ಲಿ ಚಾಕು. ವಿಷ ಹಾಕಿದ್ದು ನಾನೇ ಡಾಕ್ಟರೇ, ಪಿಸ್ತೂಲು ಕೆಳಗಿಡಿ ಅನ್ನುತ್ತಾಳೆ. ಹಾಸಿಗೆಯಿಂದ ಎದ್ದು ನಿಂತೆ. ಮೈಯೆಲ್ಲ ಜುಂ ಅಂದಿತು. ಅಂತೂ ಒಬ್ಬಳಿಗೆ ಬುದ್ಧಿ ಬಂತು ಅಂದುಕೊಂಡೆ.

ಪಿಸ್ತೂಲು ಎಲ್ಲಿಂದ ಬಂತು ಅಂತ ಯೋಚಿಸಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡು ಪುಸ್ತಕದ ಕೊನೆಯ ಫಾರಂ ಅದಲುಬದಲಾಗಿತ್ತು. ಹರಿದ ಪ್ರತಿಗಳಲ್ಲಿ ಮಾತ್ರ ಅಲ್ಲ, ಗುಡ್ಡೆಯೇ ಅದಲುಬದಲು. ಅಂದರೆ ಎಲ್ಲ ಪ್ರತಿಗಳಲ್ಲೂ.

ಅವತ್ತು ನಾನೇನು ಯೋಚಿಸಿದೆ ಅಂತ ಮುಚ್ಚಿಡುವುದಿಲ್ಲ. ಸುಮ್ಮನಿದ್ದರೆ ಬೆಳಿಗ್ಗೆ ಟೆಂಪೋ ಬರುತ್ತದೆ, ಹೋಗುತ್ತದೆ ಅಂದುಕೊಂಡೆ. ಬೆಂಚು ಕಣ್ಣ ಮುಂದೆ ಬಂತು. ಆದರೆ ನಿನ್ನಂಥವಳೊಬ್ಬಳು ಡ್ಯೂಟಿ ಮುಗಿಸಿ ಕಾಲು ಚಾಚಿ ಕೂತು ಈ ಪ್ರೇಮ ಕಥೆ ಓದುತ್ತಾ, ಕಣ್ಣೊರೆಸಿಕೊಳ್ಳಲು ಸೆರಗು ಹಿಡಿದಾಗಲೇ ಚಾಕು ಬಂದರೆ? ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಸೂಜಿಯೂ ಬಂದ. ಅವನಿಗೆ ಹೇಳಿದೆ. ಅವನ ಮುಖ ಕಾಗದದ ಹಾಗಾಯಿತು. ಆದರೂ, ಹೇಳಿಬಿಡು, ಹೇಳದೇ ಇದ್ರೆ ನಿನಗೆ ಹೊಟ್ಟೆನೋವು ಬರುತ್ತೆ, ಗುಡ್ಡೆ ಇಟ್ಟಿದ್ದು ನಾನು ಅಂತ ನಾನು ಹೇಳ್ತೀನಿ ಅಂದ.

ಯಜಮಾನರು ಗೋಂದಿನ ಡಬ್ಬದ ಮೇಲೆ ಹಾಗೇ ಕುಸಿದು ಕೂತರು. ಫಾರಂ ನಂಬರ್ ನೋಡಿದ್ನಲ್ಲೇ, ಹದಿಮೂರು ಇತ್ತಲ್ಲೇ ಅಂದರು. ಹದಿಮೂರೇ ಇದೆ, ಕಥೆ ಬೇರೆ ಅಂದೆ. ನಾವು ಕಥೆ ಯಾವತ್ತು ನೋಡಿದ್ದೀವಿ ಅಂದರು. ನಾನು ನೋಡ್ತೀನಿ ಅಂದೆ. ಅದಕ್ಕೇ ನಿನ್ನ ಗುಡ್ಡೆ ಬಸವನಹುಳದ ಹಾಗೆ ಏರೋದು ಅಂದರು. ಸೂಜಿ ಮುಂದೆ ಬಂದು, ಗುಡ್ಡೆ ಇಟ್ಟಿದ್ದು ನಾನು, ತೂಕಡಿಸ್ತಿದ್ದೆ ಅಂದ. ಯಜಮಾನರು ಇಬ್ಬರನ್ನೂ ನೋಡಿ, ಸಂಜೆ ಇಬ್ಬರದ್ದೂ ಲೆಕ್ಕ ತೀರಿಸ್ತೀನಿ ಅಂದು ಫೋನ್ ಎತ್ತಿದರು. ಟೆಂಪೋ ಖಾಲಿ ಹೋಯಿತು.

ಮಧ್ಯಾಹ್ನ ಬರೆದವರಿಬ್ಬರೂ ಬಂದರು. ಪ್ರೇಮ ಬರೆದದ್ದು ರಿಟೈರಾದ ಟ್ರಾಫಿಕ್ ಪೊಲೀಸ್ ಅಮ್ಮಾ! ಬಾಗಿಲು ತುಂಬುವ ಆಳು, ಪೊರಕೆಯಂಥ ಮೀಸೆ. ಕೊಲೆ ಬರೆದದ್ದು ಶಿಶುವಿಹಾರದ ಟೀಚರ್. ಬ್ಯಾಗಿನಲ್ಲಿ ಬಣ್ಣದ ಸೀಸದಕಡ್ಡಿ, ಮಾತು ಜೇನು. ನೀನು ಬಾಯಿ ಬಿಟ್ಟರೆ ಜೋಕೆ ಅಂತ ಯಜಮಾನರು ನನಗೆ ಮೊದಲೇ ಹೇಳಿದ್ದರು. ನಾನು ತುಟಿ ಕಚ್ಚಿ ನಿಂತಿದ್ದೆ. ಆದರೆ ಪೊಲೀಸರೇ ಕೇಳಿಬಿಟ್ಟರು. ಓದಿದ್ದು ನೀನೇನಮ್ಮಾ, ನನ್ನ ಕೊನೆ ಹೇಗಿತ್ತು ಅಂತ.

ತುಂಬ ಅತ್ತೆ ಸಾರ್ ಅಂದೆ. ಅವರ ಮೀಸೆ ಎರಡೂ ಕಡೆ ಮೇಲೆ ಹೋಯಿತು. ಆದರೆ ಇವರ ಪುಸ್ತಕದಲ್ಲಿ ಅತ್ತೆ ಸಾರ್, ನಿಮ್ಮದರಲ್ಲಿದ್ದಿದ್ದರೆ ಅಳುತ್ತಿರಲಿಲ್ಲ ಅಂದೆ. ಮೀಸೆ ಇಳಿಯಿತು. ಯಜಮಾನರು ಕಣ್ಣು ಮುಚ್ಚಿಕೊಂಡರು. ಮದುವೆಯಾಗ್ತಾರೆ ಅಂತ ನಿಮ್ಮ ಐದನೇ ಪುಟದಲ್ಲೇ ಗೊತ್ತಾಗುತ್ತೆ ಸಾರ್, ಪಿಸ್ತೂಲು ಹಿಡಿದವನು ಕೇಳಿದಾಗ ಒಪ್ತಾಳೋ ಇಲ್ಲವೋ ಅಂತ ಎದೆ ಹೊಡ್ಕೊಳ್ತು ಅಂದೆ. ಟೀಚರ್ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ನಗಬೇಡಿ ಟೀಚರ್, ನಿಮ್ಮ ಕೊಲೆಗಾರ್ತಿಯೂ ಇವರ ಪ್ಲಾಟ್‌ಫಾರಂನಲ್ಲೇ ಜಾಸ್ತಿ ಹೆದರಿಸಿದ್ದು ಅಂದೆ.

ಸೂಜಿ ಹೊಲಿಯುತ್ತಿದ್ದ ದಾರ ಹಾಗೇ ನಿಂತಿತು. ಆಮೇಲೆ ಪೊಲೀಸರು ನಗಲು ಶುರುಮಾಡಿದರು, ಕಾಗದದ ಗುಡ್ಡೆಗಳೆಲ್ಲ ಅದುರಿದವು. ಇಬ್ಬರೂ ಅಲ್ಲೇ ಸ್ಟೂಲಿನ ಮೇಲೆ ಕೂತು, ಅಂಚು ಹರಿದ ಪ್ರತಿಗಳಲ್ಲಿ ಒಬ್ಬರ ಕೊನೆ ಒಬ್ಬರು ಓದಿದರು. ನಿಮ್ಮ ಡಾಕ್ಟರು ಯಾಕೆ ಇಷ್ಟು ಅಳ್ತಾನೆ ಅಂತ ಟೀಚರ್. ನಿಮ್ಮ ಹುಡುಗಿ ಚಾಕು ಹಿಡಿದಿರೋ ರೀತಿ ತಪ್ಪು, ಕೈ ಕುಯ್ದುಕೊಳ್ತಾಳೆ ಅಂತ ಪೊಲೀಸರು. ಚಹಾ ಎರಡು ಸಲ ಬಂತು. ಕೊನೆಗೆ ಅವರವರ ಕೊನೆ ಅವರವರಿಗೇ ಬೇಕು ಅಂದರು, ಬೇಕಲ್ಲದೆ ಮತ್ತೆ! ನಾವು ವಾರವಿಡೀ ರಟ್ಟು ಕಿತ್ತು, ದಾರ ಬಿಚ್ಚಿ, ಹದಿಮೂರನೇ ಫಾರಂ ಬದಲಾಯಿಸಿ ಮತ್ತೆ ಹೊಲಿದೆವು. ನನ್ನ ಬೆರಳು ನೋಡಿದರೆ ನೀನೇ ಬ್ಯಾಂಡೇಜ್ ಹಾಕುತ್ತೀಯ.

ಆ ಸೋಮವಾರ ಸಂಜೆ ಯಜಮಾನರು ಲೆಕ್ಕ ತೀರಿಸಲು ಕರೆಯುತ್ತಾರೆ ಅಂತ ಕಾದೆ. ಕರೆಯಲಿಲ್ಲ. ಮರುದಿನ ಹೋದರೆ ಕಿಟಕಿಯ ಹತ್ತಿರ ಒಂದು ಕುರ್ಚಿ ಹಾಕಿಸಿದ್ದರು. ಇನ್ಮೇಲೆ ಯಾವ ಪುಸ್ತಕ ಬಂದ್ರೂ ಹೊಲಿಯೋ ಮುಂಚೆ ಒಂದು ಪ್ರತಿ ಜೋಡಿಸಿ ನೀನು ಪೂರ್ತಿ ಓದಬೇಕು, ಕಥೆ ಒಂದೇನಾ ಅಷ್ಟು ಹೇಳು, ಅಭಿಪ್ರಾಯ ಹೇಳಿದ್ರೆ ಕಾಲು ಮುರೀತೀನಿ ಅಂದರು. ಸೂಜಿಯ ಕಡೆ ತಿರುಗಿ, ನೀನು ರಾತ್ರಿ ಸರಿಯಾಗಿ ನಿದ್ದೆ ಮಾಡು ಅಂದರು. ಅಷ್ಟೇ! ಕುರ್ಚಿಯಲ್ಲಿ ಕೂರಲು ನನ್ನಿಂದಾಗಲ್ಲ, ಓಡಾಡ್ತಾ ಓದ್ತೀನಿ ಅಂದೆ. ಹಾಳಾಗಿ ಹೋಗು ಅಂದರು. ಮೊದಲನೇ ಪುಸ್ತಕ ಆದಾಯ ತೆರಿಗೆ ಉಳಿಸುವುದು ಹೇಗೆ ಅನ್ನುವುದು. ಕೊಲೆಯಿಲ್ಲ, ಪ್ರೀತಿಯಿಲ್ಲ, ಜಾರಿ ಬೀಳುವವರೂ ಇಲ್ಲ. ಒಂದಕ್ಷರ ಬಿಡದೆ ಓದಿ, ಕಥೆ ಒಂದೇ ಅಂತ ಹೇಳಿದೆ. ಕುಣಿಯುವಷ್ಟು ಖುಷಿಯಾಗಿತ್ತು.

ಬೆಂಚನ್ನು ಬೇರೆ ಯಾರಿಗಾದರೂ ಕೊಡು. ಇದರ ಜೊತೆ ಪೊಲೀಸರ ಕಾದಂಬರಿ ಕಳಿಸಿದ್ದೇನೆ, ಸರಿಯಾದ ಕೊನೆಯದ್ದೇ. ನಿನಗೆ ಇಷ್ಟವಾಗುತ್ತದೆ. ನನಗೆ ಆಗಲಿಲ್ಲ. ಕಾಲಿಗೆ ಎಣ್ಣೆ ತಿಕ್ಕಿಕೋ, ಬೇಗ ಬರೆ.

ನಿನ್ನ,
ಬಾಯಿಬಡುಕಿ

ಮರೆತಿದ್ದೆ: ಫಾರಂ ಕೆಳಗೆ ನಂಬರಿನ ಪಕ್ಕ, ಯಾವ ಪುಸ್ತಕ ಅಂತ ಸಣ್ಣದೊಂದು ಅಕ್ಷರ ಇರುತ್ತದೆ. ಗುಡ್ಡೆ ಇಡುವಾಗ ಅದನ್ನು ನೋಡಿಯೇ ಇಡಬೇಕು. ಸೂಜಿ ತೂಕಡಿಸುತ್ತಿದ್ದೆ ಅಂದದ್ದು ಸುಳ್ಳು. ನಾನು ಮೇಜು ಸುತ್ತುತ್ತಾ ಕೊಲೆಯ ಭಾಗ ಜೋರಾಗಿ ಓದುತ್ತಿದ್ದೆ, ಅವನು ಅಕ್ಷರ ಬಿಟ್ಟು ನನ್ನನ್ನೇ ನೋಡುತ್ತಿದ್ದ. ಯಜಮಾನರು ಕೇಳಿದ್ದರೆ ಇದನ್ನೂ ಹೇಳುತ್ತಿದ್ದೆ, ಅವರು ಕೇಳಲಿಲ್ಲ. ಪುಸ್ತಕ ಓದುತ್ತಿದ್ದವಳಿಗೆ ಅವನು ನೋಡಿದ್ದು ಹೇಗೆ ಗೊತ್ತಾಯಿತು ಅಂತ ನೀನು ಕೇಳೇ ಕೇಳುತ್ತೀಯ. ಮುಂದಿನ ತಿಂಗಳು ರಜೆಗೆ ಬಂದಾಗ ಕೇಳು. ಮುಖ ನೋಡಿ ಹೇಳುತ್ತೇನೆ. ಸುಳ್ಳಂತೂ ಹೇಳುವುದಿಲ್ಲ.