ನಿಮ್ಮಪ್ಪ ಜಾಗ ಮಾಡುತ್ತಿದ್ದಾರೆ

ಮನೆ, ಅಡುಗೆಕಟ್ಟೆಯ ಮೇಲಿಂದ
ಹದಿನಾಲ್ಕನೇ ತಾರೀಕು, ಶುಕ್ರವಾರ

ಪ್ರೀತಿಯ ಮಗಳೇ,

ಹೇಗಿದ್ದೀಯೆ? ಪಾಪುವಿನ ಕೆಮ್ಮು ಕಡಿಮೆಯಾಯಿತೇ? ನಿನ್ನ ಗೆಳತಿಯ ಬಾಡಿಗೆ ಕೋಣೆಯ ಗೋಡೆ ತೇವವಾಗಿದೆ ಎಂದಿದ್ದೆಯಲ್ಲ, ಮಗುವನ್ನು ಗೋಡೆ ಕಡೆ ಮಲಗಿಸಬೇಡ. ನೀನೂ ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿಮ್ಮಪ್ಪ ಗಟ್ಟಿಮುಟ್ಟಾಗಿದ್ದಾರೆ, ಈಗ ನನಗಿರುವ ತೊಂದರೆಯೇ ಅದು.

ಕಟ್ಟೆಯ ಮೇಲೆ ಕಾಗದವಿಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಆಡಿಕೊಳ್ಳಬೇಡ. ಮೇಜು ಇಲ್ಲ. ಅಂದರೆ ಇದೆ, ಗೋಡೆಗೆ ಮಡಚಿಟ್ಟಿದ್ದಾರೆ. ಬಿಚ್ಚಿದರೆ ಬಚ್ಚಲಿಗೆ ಹೋಗಲು ದಾರಿ ಇರುವುದಿಲ್ಲ. ಗಂಡನನ್ನು ಬಿಟ್ಟು ಬಂದೆ ಎಂದು ನೀನು ತಿಳಿಸಿದ ದಿನವೇ ನಾವು ಮನೆಗೆ ಬಾ ಎಂದು ಬರೆದೆವು. ಅದಕ್ಕೆ ನೀನು ‘ಆ ಮನೇಲಿ ಜಾಗ ಎಲ್ಲಿದೆಯಮ್ಮಾ, ನಿಮಗೇ ಸಾಲಲ್ಲ’ ಎಂದು ಒಂದು ಸಾಲು ಗೀಚಿದೆ ನೋಡು, ಅಂದಿನಿಂದ ಶುರುವಾಯಿತು ಈ ಮನುಷ್ಯನ ಅವತಾರ. ಪತ್ರ ಓದಿ ಎದ್ದುಹೋಗಿ ಅಳತೆಯ ಟೇಪು ತಂದರು.

ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದವರು, ನಿವೃತ್ತಿಯಾದರೂ ಬುದ್ಧಿ ಮಾತ್ರ ಬಸ್ಸಿನಲ್ಲೇ ಉಳಿದಿದೆ. ‘ನಲವತ್ತು ಸೀಟಿನ ಗಾಡೀಲಿ ತೊಂಬತ್ತು ಜನಾನ ನಿಲ್ಲಿಸಿದವನು ಕಣೇ ನಾನು, ಎರಡು ರೂಮು ಯಾವ ಲೆಕ್ಕ’ ಎನ್ನುತ್ತಾರೆ. ಆ ತೊಂಬತ್ತು ಜನ ಇಳಿದು ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು, ನಾನು ಎಲ್ಲಿಗೆ ಇಳಿಯಲಿ? ಮೊದಲು ಕೋಣೆಯ ಬಾಗಿಲು ಕಿತ್ತರು. ಬಾಗಿಲು ತೆರೆಯುವುದಕ್ಕೇ ಎರಡೂವರೆ ಅಡಿ ದಂಡವಂತೆ. ಈಗ ಅಲ್ಲಿ ಪರದೆ, ಫ್ಯಾನು ಹಾಕಿದರೆ ಪಟಪಟ ಮುಖಕ್ಕೆ ಬಡಿಯುತ್ತದೆ. ಆಮೇಲೆ ಮೊಳೆ ಹೊಡೆದು ಕುರ್ಚಿಗಳನ್ನು ಗೋಡೆಗೆ ನೇತುಹಾಕಿದರು. ಬಂದವರು ನಿಂತೇ ಮಾತಾಡಿ ಹೋಗುತ್ತಾರೆ, ಕುರ್ಚಿ ಇಳಿಸಿಕೊಡಿ ಎಂದು ಯಾರು ತಾನೇ ಕೇಳುತ್ತಾರೆ? ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ ಪೆಟ್ಟಿಗೆ, ಪಾತ್ರೆ, ಹಾಸಿಗೆ ಎಲ್ಲವನ್ನೂ ಅದರ ಕೆಳಗೆ ತಳ್ಳಿದ್ದಾರೆ. ಈ ಮಂಡಿ ಇಟ್ಟುಕೊಂಡು ನಾನು ಸ್ಟೂಲು ಹಾಕಿ ಮಂಚ ಹತ್ತಬೇಕು. ಹತ್ತಿದ ಮೇಲೆ, ಸ್ಟೂಲು ಜಾಗ ತಿನ್ನುತ್ತದೆಂದು ಅದನ್ನೂ ಕೆಳಗೆ ತಳ್ಳಿಬಿಡುತ್ತಾರೆ. ಇಳಿಯಬೇಕೆಂದರೆ ಅವರನ್ನೇ ಕೂಗಬೇಕು. ನಗಬೇಡ.

ಇನ್ನು ಕನ್ನಡಿಯ ಕಥೆ. ಮುಚ್ಚಿಹೋದ ಯಾವುದೋ ಕ್ಷೌರದಂಗಡಿಯಿಂದ ಗೋಡೆಯಗಲದ ಕನ್ನಡಿ ಹೊತ್ತು ತಂದು ಹಾಲಿನಲ್ಲಿ ನಿಲ್ಲಿಸಿದ್ದಾರೆ. ಹಾಲು ಎರಡರಷ್ಟು ಕಾಣುತ್ತದಂತೆ. ಕಾಣುತ್ತದೆ, ಇಲ್ಲ ಎನ್ನುವುದಿಲ್ಲ. ಒಗೆಯದ ಬಟ್ಟೆಯ ರಾಶಿಯೂ ಎರಡಾಗಿ ಕಾಣುತ್ತದೆ, ನಿಮ್ಮಪ್ಪನೂ ಇಬ್ಬರಾಗಿದ್ದಾರೆ. ಒಬ್ಬರನ್ನು ಸಂಭಾಳಿಸಿಯೇ ನನಗೆ ಸಾಕುಸಾಕಾಗಿದೆ. ಮೊನ್ನೆ ನಲ್ಲಿ ರಿಪೇರಿಗೆ ಬಂದ ಪ್ಲಂಬರ್ ಅದು ಇನ್ನೊಂದು ಕೋಣೆ ಎಂದುಕೊಂಡು ಸೀದಾ ಹೋಗಿ ಹಣೆ ಗುದ್ದಿಕೊಂಡ. ಪಾಪ ಎನ್ನುವುದು ಬಿಟ್ಟು ನಿಮ್ಮಪ್ಪ ‘ನೋಡಿದ್ಯಾ, ನಂಬಿಬಿಟ್ಟ!’ ಎಂದು ಖುಷಿಪಟ್ಟರು.

ಬೈದು ಬೈದು ನನ್ನ ಗಂಟಲು ಒಣಗಿದೆ. ಕಿವಿಗೇ ಹಾಕಿಕೊಳ್ಳುವುದಿಲ್ಲ. ನಿನ್ನೆ ಕಿಟಕಿ ಪಕ್ಕದ ಮೂಲೆಯಲ್ಲಿ ಕೂತು ನೆಲಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಇದೇನು ಹೊಸ ರಗಳೆ ಎಂದೆ. ‘ಪಾಪು ಮೂರಡಿ ಇದೆ. ಬೆಳೆಯೋಕೆ ಅಂತ ಒಂದಡಿ ಬಿಟ್ಟಿದ್ದೀನಿ’ ಎಂದರು. ನನಗೆ ಬೈಯಲಾಗಲಿಲ್ಲ, ಒಳಗೆ ಹೋಗಿ ಅತ್ತುಬಿಟ್ಟೆ. ಒಳಗೆ ಎಂದರೆ ಪರದೆಯ ಹಿಂದೆ, ಅವರಿಗೆ ಎಲ್ಲವೂ ಕೇಳಿಸಿರಬೇಕು.

ಈಗ ನಿನಗೆ ಬೈಯುತ್ತೇನೆ, ಕೇಳು. ಇದೇ ಮನೆಯಲ್ಲಿ ನೀನು, ನಿನ್ನ ಇಬ್ಬರು ಅಣ್ಣಂದಿರು, ಅಜ್ಜಿ, ನಾವಿಬ್ಬರು, ಆರು ಜನ ಇರಲಿಲ್ಲವೇ? ಆಗಿದ್ದ ಜಾಗವನ್ನು ಈಗ ಯಾರು ಕದ್ದುಕೊಂಡು ಹೋದರು? ನೆಪ ಹೇಳಬೇಡ. ಅಕ್ಕಪಕ್ಕದವರು ಏನನ್ನುತ್ತಾರೋ, ಅಪ್ಪ ಅಮ್ಮನಿಗೆ ಭಾರವಾಗುತ್ತೇನೋ ಎಂಬ ಅಳುಕು ನಿನಗೆ. ಹೆತ್ತವಳಿಗೆ ಅಷ್ಟೂ ತಿಳಿಯುವುದಿಲ್ಲವೇ? ಆದರೆ ನಿಮ್ಮಪ್ಪನಿಗೆ ತಿಳಿಯುವುದಿಲ್ಲ ಕಣೇ. ನೀನು ಜಾಗವಿಲ್ಲ ಎಂದೆ, ಅವರು ಜಾಗ ಮಾಡುತ್ತಿದ್ದಾರೆ. ನೀನು ಬರುವ ತನಕ ನಿಲ್ಲಿಸುವವರಲ್ಲ. ನಾಳೆ ನನ್ನ ಒಲೆಯನ್ನು ಎಲ್ಲಿ ನೇತುಹಾಕುತ್ತಾರೋ ಯಾರಿಗೆ ಗೊತ್ತು.

ಪಾಪುವಿಗೆ ಎರಡೂ ಕೆನ್ನೆಗೆ ಮುತ್ತು. ನಿನಗೆ ಬೈಗುಳ ಮತ್ತು ಆಶೀರ್ವಾದ, ಎರಡೂ ಮನಸಾರೆ.

ಇಂತಿ,
ಸೋತು ಸುಣ್ಣವಾಗಿರುವ ನಿನ್ನ ಅಮ್ಮ

ಮರೆತಿದ್ದೆ: ಇದನ್ನು ಅಂಚೆಗೆ ಹಾಕಿ ಬನ್ನಿ ಎಂದರೆ ‘ಪೋಸ್ಟ್ ಯಾಕೆ, ನಾಲ್ಕು ದಿನ ಮಾಡ್ತಾರೆ, ನಾನೇ ಕೊಟ್ಟು ಬರ್ತೀನಿ’ ಎಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಾರೆ. ಹಾಗಾಗಿ ನೀನು ಇದನ್ನು ಓದುವಾಗ ಅವರು ನಿನ್ನೆದುರಿಗೇ ಇರುತ್ತಾರೆ. ಈ ಕಡೆ ಏನೋ ಕೆಲಸವಿತ್ತು ಎನ್ನುತ್ತಾರೆ, ಯಾವ ಕೆಲಸವೂ ಇಲ್ಲ. ಮನೆಗೆ ಬಾ ಎಂದು ಕರೆಯಲು ಅವರಿಗೆ ಬಾಯಿ ಬರುವುದಿಲ್ಲ, ನೀನೂ ಏನೂ ಕೇಳಬೇಡ. ಮಗುವನ್ನು ಅವರ ಕೈಗೆ ಕೊಟ್ಟು ನೀನು ಬಟ್ಟೆಬರೆ ಕಟ್ಟಿಕೋ.