ಹಡಗಿನ ಚೀಟಿಗಳ ಮೇಲೆ ನಿನ್ನ ಅಕ್ಕನ ಸಹಿ

ಚಿಕ್ಕೋಡಿ,
ತಾ. 14-2-1998

ಚಿ. ಜಿನ್ನಪ್ಪನಿಗೆ ನಿನ್ನ ದಾಜಿಯ ಜೈ ಜಿನೇಂದ್ರ.

ನಾನೂ ನಿನ್ನ ಅಕ್ಕನೂ ಕ್ಷೇಮವಾಗಿ ನೆಲದ ಮೇಲಿದ್ದೇವೆ. ಉಗಾರ ಬುದ್ರುಕದಲ್ಲಿ ನೀನೂ ಮನೆಮಂದಿಯೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಹಡಗಿನಿಂದ ಇಳಿದ ಮೊದಲ ವಾರ ಕಾಲ ಕೆಳಗಿನ ನೆಲ ಅಲುಗುತ್ತಿತ್ತು. ಎರಡನೆಯ ವಾರದಿಂದ ಮನೆಯೇ ಅಲುಗುತ್ತಿದೆ.

ನೀನು ಮೂರು ಪುಟ ತುಂಬ ಹಡಗಿನ ವಿಚಾರ ಕೇಳಿದ್ದೀ. ಪಂಪಸೆಟ್ ಕಂಪನಿಯವರು ನಮ್ಮಂಥ ಡೀಲರುಗಳನ್ನು ಸಿಂಗಾಪುರಕ್ಕೆ ಒಯ್ದು ನಾಲ್ಕು ರಾತ್ರಿ ಸಮುದ್ರದ ಮೇಲೆ ತಿರುಗಿಸುವ ಈ ಪ್ರವಾಸಕ್ಕೆ ಮುಂದಿನ ತಿಂಗಳ ಬ್ಯಾಚಿನಲ್ಲಿ ನೀನೂ ಹೊರಟವನು. ಅಲ್ಲಿ ಏನು ಉಣ್ಣಬೇಕು, ದುಡ್ಡು ಹೇಗೆ ಕೊಡಬೇಕು ಎಂದು ಕೇಳುವುದು ಸಹಜ. ಆದರೆ ಮೂರನೆಯ ಪುಟದ ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಇನ್ನೊಂದು ಮಾತು ಬರೆದಿದ್ದೀ: "ಅಪ್ಪನ ಹೊಲದ ಹಕ್ಕುಬಿಡುಗಡೆ ಪತ್ರ ತಯಾರೈತಿ, ನಕಲು ಇಟ್ಟೇನಿ. ಅಕ್ಕನ್ನ ಅಥಣಿಗೆ ಯಾವಾಗ ಕರಕೊಂಡ ಬರ್ತೀರಿ? ಒಂದ ಹೆಬ್ಬಟ್ಟಿನ ಕೆಲಸ." ತಮ್ಮಾ, ಹೊಳೆದಂಡೆಯ ನಾಲ್ಕು ಎಕರೆ ಕಬ್ಬಿನ ಹೊಲದಲ್ಲಿ ಅಕ್ಕನ ಪಾಲು ನಿನ್ನ ಹೆಸರಿಗಾಗುವುದೇ ನಿನ್ನ ಪತ್ರದ ಹೊಟ್ಟೆ, ಹಡಗು ಬರೀ ಅಂಗಿ ಎಂದು ನನಗೆ ತಿಳಿಯದೇ? ಆದರೂ ಮೊದಲು ಅಂಗಿಯ ವಿಚಾರವನ್ನೇ ಬರೆಯುತ್ತೇನೆ. ಹೆಬ್ಬೆಟ್ಟಿನ ಗತಿ ಏನಾಯಿತು ಎಂಬುದು ಹಡಗಿನಲ್ಲೇ ಇದೆ.

ಊಟದ ವಿಚಾರ. ಹಡಗಿನಲ್ಲಿ ರಾತ್ರಿ ಊಟಕ್ಕೆ ಎರಡು ಪಂಕ್ತಿ. ಆರೂವರೆಗೆ ಒಂದು, ಎಂಟೂವರೆಗೆ ಒಂದು. ಯಾವುದೆಂದು ಹತ್ತುವಾಗಲೇ ಬರೆದುಕೊಳ್ಳುತ್ತಾರೆ. ನೀನು ಕಣ್ಣು ಮುಚ್ಚಿ ಆರೂವರೆ ಬರೆಸು. ಅಲ್ಲಿ ಹೊತ್ತು ಮುಳುಗುವುದೇ ಏಳರ ಮೇಲೆ, ಅರ್ಧ ತಾಸು ಸಿಗುತ್ತದೆ. ನಮ್ಮನ್ನು ಕರೆದೊಯ್ದ ಕಂಪನಿಯ ಮನುಷ್ಯ ರಾಜಾರಾಮ ಮಿರಜಿನವನು. ಬಾಯಲ್ಲಿ ಕನ್ನಡ ಉಂಟು, ಓದಲು ಬಾರದು. ಆ ಪುಣ್ಯಾತ್ಮ ನಮ್ಮನ್ನು ಎಂಟೂವರೆಗೆ ಹಾಕಿಸಿದ್ದ.

"ಹೊತ್ತ ಮುಣಗಿದ ಮ್ಯಾಲ ನಾ ಒಂದ ಅಗಳ ಮುಟ್ಟಂಗಿಲ್ಲ" ಎಂದಳು ನಿನ್ನ ಅಕ್ಕ.

"ವೈನೀ, ಇಷ್ಟ ದೊಡ್ಡ ಸಮುದ್ರದಾಗ ಹೊತ್ತ ಮುಣಗಿದ್ದು ಯಾರಿಗೆ ಗೊತ್ತಾಗತೈತ್ರಿ?" ಎಂದ ರಾಜಾರಾಮ.

"ಹೊತ್ತಿಗೆ ಗೊತ್ತಾಗತೈತಿ."

ರಾಜಾರಾಮ ಆ ಕ್ಷಣವೇ ಹೋಗಿ ಪಂಕ್ತಿ ಬದಲಿಸಿ ಬಂದ. ಅದರಿಂದ ನನ್ನ ಕಷ್ಟ ಮುಗಿಯಿತೆಂದುಕೊಳ್ಳಬೇಡ. ನಮ್ಮ ಮೇಜಿನ ಕಿಟಕಿ ಪೂರ್ವಕ್ಕಿತ್ತು. ಅರ್ಧ ಊಟವಾಗುವಷ್ಟರಲ್ಲಿ ಆ ಕಡೆ ಮಬ್ಬು ಕವಿದು, ಇವಳು ಚಮಚ ಕೆಳಗಿಟ್ಟಳು. "ಆ ಕಡೆ ಇನ್ನೂ ಐತಿ, ಉಣ್ಣ" ಎಂದೆ. ನನ್ನ ಮಾತನ್ನು ಇಪ್ಪತ್ತಾರು ವರ್ಷಗಳಲ್ಲಿ ಯಾವತ್ತು ನಂಬಿದ್ದಾಳೆ? ತಾಟು ಕೈಯಲ್ಲಿ ಹಿಡಿದು ಎದ್ದು, ಮುನ್ನೂರು ಜನರ ನಡುವೆ ಹಾದು, ಪಶ್ಚಿಮದ ಕಟಾಂಜನಕ್ಕೆ ಹೋಗಿ ನಿಂತಳು. ಕೊರಳಿಗೆ ಕಪ್ಪು ಚಿಟ್ಟೆ ಕಟ್ಟಿಕೊಂಡಿದ್ದ ಮಾಣಿ ನೀರಿನ ಗ್ಲಾಸು ಹಿಡಿದು ಹಿಂದೆ ಓಡಿದ. ಸೂರ್ಯ ನಾಲ್ಕು ಬೆರಳು ಮೇಲಿದ್ದಾನೆಂದು ಖಾತ್ರಿ ಮಾಡಿಕೊಂಡು ಅಲ್ಲೇ ನಿಂತು ಉಂಡು ಬಂದಳು. ಮರುದಿನ ನಾಲ್ಕು ಬಿಳಿಯರು ತಾಟು ಹಿಡಿದು ಅಲ್ಲಿಗೇ ಹೋದರು, ಅದೇನೋ ಹಡಗಿನ ಪದ್ಧತಿಯೆಂದು ತಿಳಿದು.

ಉಳ್ಳಾಗಡ್ಡಿ, ಬೆಳ್ಳುಳ್ಳಿ, ತತ್ತಿ ಬೇಡವೆಂದು ಮೊದಲ ದಿನವೇ ಬರೆಸಿ ಕೊಡು, ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ನಮಗಾಗಿ ವಿಶೇಷವಾಗಿ ಸವತಿಕಾಯಿಯನ್ನು ಬಾತುಕೋಳಿಯಂತೆ ಕೆತ್ತಿ ತಂದರು. ಕಣ್ಣು, ಕೊಕ್ಕು ಎಲ್ಲ ಇತ್ತು. "ಜೀವದ ಆಕಾರ ಮಾಡಿ ಕೊಯ್ದು ತಿನ್ನೂದ? ಪಾಪ ಹತ್ತತೈತಿ" ಎಂದು ಇವಳು ಕೈಮುಗಿದಳು. ಕೆತ್ತಿದವನು ಅಡುಗೆಮನೆಯಿಂದ ಇಣುಕಿ ನೋಡುತ್ತಿದ್ದ. ಅದು ತನ್ನ ಕಲೆಗೆ ಸಂದ ನಮಸ್ಕಾರವೆಂದು ತಿಳಿದು ಮಾರನೆಯ ದಿನ ಗಜ್ಜರಿಯ ಮೊಲ ಕಳಿಸಿದ. ಕಡಕ ರೊಟ್ಟಿ, ಶೇಂಗಾ ಚಟ್ನಿ ಧಾರಾಳ ಕಟ್ಟಿಕೋ. ಆದರೆ ಕೋಣೆಯಲ್ಲಿ ಒಂದು ಪುಟ್ಟ ಫ್ರಿಜ್ ಇರುತ್ತದೆ, ಅದರೊಳಗಿನ ಬಾಟಲಿಗಳನ್ನು ಹೊರಗೆ ತೆಗೆದು ಮೊಸರು ಬುತ್ತಿಗೆ ಜಾಗ ಮಾಡುವ ಬುದ್ಧಿವಂತಿಕೆ ಮಾತ್ರ ಬೇಡ. ತೆಗೆದ ಬಾಟಲಿಯನ್ನು ಕುಡಿದ ಬಾಟಲಿ ಎಂದೇ ಹಿಡಿಯುತ್ತಾರೆ. ಹುಟ್ಟಿನಿಂದ ಜೈನನಾದ ನನ್ನ ಲೆಕ್ಕದಲ್ಲಿ ಆರು ಬೀರು ಏರಿದ್ದವು. ಅವನ್ನು ಇಳಿಸಲು ರಾಜಾರಾಮ ಎರಡು ತಾಸು ವಾದಿಸಿದ.

ಬಕ್ಷೀಸು ಕೊನೆಯ ದಿನ, ಲಕೋಟೆಯಲ್ಲಿಟ್ಟು, ಸುಮ್ಮನೆ ಕೈಗೆ ಕೊಡಬೇಕು. ಮಿರಜ ಸ್ಟೇಶನ್ನಿನ ಹಮಾಲನ ಮುಂದೆ ಎಣಿಸುವಂತೆ ಎಣಿಸಬಾರದು. ಮೊದಲ ಸಂಜೆ ಎಲ್ಲರಿಗೂ ಕೇಸರಿ ಬಣ್ಣದ ತೇಲುವ ಜಾಕೀಟು ತೊಡಿಸಿ ಹೊರಗೆ ನಿಲ್ಲಿಸುತ್ತಾರೆ. ಹಡಗು ಮುಳುಗುತ್ತಿಲ್ಲ, ಅದು ಕವಾಯತು. ಣಮೋಕಾರ ಮಂತ್ರ ಶುರುಮಾಡಿ ಪಕ್ಕದವರನ್ನು ಅಳಿಸಬೇಡ.

ಈಗ ದುಡ್ಡಿನ ವಿಚಾರ. ಎಲ್ಲ ಅನರ್ಥ ಇಲ್ಲೇ ಇದೆ, ಲಕ್ಷ್ಯವಿಟ್ಟು ಓದು.

ಹಡಗಿನಲ್ಲಿ ನೋಟು ನಡೆಯುವುದಿಲ್ಲ. ಪಂಕ್ತಿಯ ಊಟ ಕಂಪನಿಯದು. ಅದರಾಚೆ ಶರಬತ್ತು, ಚಹಾ, ಅಂಗಡಿಯ ಸಾಮಾನು ಏನು ಬೇಕಾದರೂ ಕೋಣೆಯ ಕಾರ್ಡು ತೋರಿಸಿ, ಚೀಟಿಯ ಮೇಲೆ ಸಹಿ ಮಾಡಿದರೆ ಸಾಕು. ಕೊನೆಯ ಸಂಜೆ ಎಲ್ಲ ಚೀಟಿ ಒಟ್ಟು ಮಾಡಿ ಬಿಲ್ಲು ಕೊಡುತ್ತಾರೆ. ಹತ್ತುವಾಗ ಅವರು ಇಬ್ಬರ ಸಹಿಯನ್ನೂ ಕೇಳಿದರು. "ಆಕೀದು ಬ್ಯಾಡ, ಆಕಿ ಹೆಬ್ಬಟ್ಟು. ಎಲ್ಲಾ ನಾನ ಮಾಡತೇನಿ" ಎಂದೆ. ಆದರೂ ಇವಳ ಕೈಗೂ ಒಂದು ಕಾರ್ಡು ಕೊಟ್ಟೇಬಿಟ್ಟರು.

ಎರಡು ದಿನ ಬೆಳಿಗ್ಗೆಯಿಂದ ನಮ್ಮನ್ನು ಒಂದು ಹಾಲಿನಲ್ಲಿ ಕೂಡಿಹಾಕಿ ಹೊಸ ಮಾದರಿಯ ಪಂಪು ತೋರಿಸಿದರು. ಸಮುದ್ರದ ಮಧ್ಯೆ ಕೂತು ನೀರೆತ್ತುವ ವಿಚಾರ ಕೇಳಿದೆವು. ಹೆಂಗಸರು ಮೇಲಿನ ಮಜಲೆಯಲ್ಲಿದ್ದರು. ಅವರಲ್ಲಿ ನಿಪ್ಪಾಣಿಯ ಡೀಲರ್ ಅಣ್ಣಾಸಾಬನ ಹೆಂಡತಿ ಮಂಗಲ ಒಬ್ಬಳು. ಶಾಲೆಯಲ್ಲಿ ಒಂದನೇ ಇಯತ್ತೆಯ ಶಿಕ್ಷಕಿ. ಮಾಸ್ತರಕಿಯನ್ನು ಊರಲ್ಲಿ ಬಿಟ್ಟು ಬಂದಿದ್ದರೆ ಏನಾಗುತ್ತಿತ್ತು? "ಯಾಕ್ರಿ, ನಿಮ್ಮ ಕಾರ್ಡಿನ ಮ್ಯಾಲ ನೀವ ಸಹಿ ಮಾಡ್ರಲಾ" ಎಂದಳಂತೆ. "ನನಗ ಬರೂದಿಲ್ಲವಾ" ಎಂದಳಂತೆ ಇವಳು. "ನಿಮ್ಮ ಹೆಸರ ಹೇಳ್ರಿ, ಮೂರ ಅಕ್ಷರ ಇದ್ದರ ಮಧ್ಯಾಹ್ನದಾಗ ಕಲಸತೇನಿ" ಎಂದು ಮಂಗಲ ಅಲ್ಲೇ ಪಾಟಿ ಹಿಡಿದಳಂತೆ. ಪಾಟಿ ಎಂದರೆ ಸ್ಲೇಟಲ್ಲ, ದಿನದ ಕಾರ್ಯಕ್ರಮ ಅಚ್ಚಾದ ಕಾಗದದ ಬೆನ್ನು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಕೊನೆಯ ಸಂಜೆ ಕೌಂಟರಿನಿಂದ ಕರೆ ಬಂತು. ಅಲ್ಲಿದ್ದ ಹುಡುಗಿ ಹನ್ನೊಂದು ಚೀಟಿಗಳನ್ನು ಇಸ್ಪೀಟಿನಂತೆ ಹರಡಿ, ಈ ಸಹಿ ನಮ್ಮ ದಾಖಲೆಯಲ್ಲಿಲ್ಲ, ಯಾರದು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ರಾಜಾರಾಮ ತಿರುವಿ ಮುರುವಿ ನೋಡಿ ನನ್ನ ಕೈಗೆ ಕೊಟ್ಟ. ಎಲ್ಲವೂ ಲಿಂಬು ಶರಬತ್ತಿನ ಚೀಟಿಗಳು, ಒಂದೊಂದರಲ್ಲಿ ಏಳೇಳು ಗ್ಲಾಸು. ಕೆಳಗೆ ಕನ್ನಡದಲ್ಲಿ ಒಂದು ಹೆಸರು. ಮೊದಲ ಚೀಟಿಯಲ್ಲಿ ಒತ್ತಕ್ಷರವೇ ಇರಲಿಲ್ಲ, 'ತಾನವ' ಎಂದಿತ್ತು. ನಾಲ್ಕನೆಯದರಲ್ಲಿ ಒತ್ತು ಬಂದಿತ್ತು, ಆದರೆ ಪಕ್ಕದ ಅಕ್ಷರದ ಕಾಲಿಗೆ ತೊಡರಿತ್ತು. ಹನ್ನೊಂದನೆಯದರಲ್ಲಿ ಸ್ವಚ್ಛವಾಗಿ, ಕೆಳಗೊಂದು ಗೆರೆ ಎಳೆದು: ತಾನವ್ವ.

ನನಗೆ ಪಿತ್ತ ನೆತ್ತಿಗೇರಿತು. "ರಾಜಾರಾಮ, ನಮ್ಮ ಖೋಲ್ಯಾಗ ತಾನವ್ವ ಅನ್ನಾಕಿ ಯಾರೂ ಇಲ್ಲ. ಯಾವಾಕಿನೋ ನಮ್ಮ ಕಾರ್ಡ ಕದ್ದ ಊರಮಂದಿಗೆಲ್ಲಾ ಶರಬತ್ತ ಕುಡಿಸ್ಯಾಳ. ಪೊಲೀಸರನ್ನ ಕರಸು ಅನ್ನ."

"ಸಾವಕಾಶ ಮಾತಾಡ್ರಿ" ಎಂದು ನಿನ್ನ ಅಕ್ಕ ತೋಳು ಜಗ್ಗಿದಳು.

"ನೀ ಸುಮ್ಮ ನಿಂದರ. ಈ ತಾನವ್ವ ಯಾರಂತ ಇವತ್ತ ನೋಡೇ ಬಿಡತೇನಿ."

"ನೋಡ್ರಿ. ಇಲ್ಲೇ ನಿಂತಾಳ."

ರಾಜಾರಾಮನಿಗೆ ಕೆಮ್ಮು ಬಂತು. ಕೌಂಟರಿನ ಹುಡುಗಿ, ಪೊಲೀಸರು ಬೇಕೇ ಬೇಡವೇ ಎಂಬಂತೆ ನಮ್ಮಿಬ್ಬರ ಮುಖವನ್ನೂ ಸರದಿಯ ಮೇಲೆ ನೋಡಿದಳು.

ಜಿನ್ನಪ್ಪಾ, ನೀನೇ ನ್ಯಾಯ ಹೇಳು. ಪಾಸ್‌ಪೋರ್ಟಿನಲ್ಲಿ ಸುಗಂಧಾ. ರೇಶನ್ ಕಾರ್ಡಿನಲ್ಲಿ ಸುಗಂಧಾ. ಲಗ್ನದಲ್ಲಿ ಹೆಣ್ಣಿಗೆ ಗಂಡನ ಮನೆಯ ಹೆಸರಿಡುವುದು ನಮ್ಮಲ್ಲಿ ನಿನ್ನೆ ಮೊನ್ನೆಯ ಪದ್ಧತಿಯೇ? ತವರಿನಲ್ಲಿ ನೀವೆಲ್ಲ 'ಅಕ್ಕಾ' ಎಂದೇ ಕರೆಯುತ್ತೀರಿ. ನಿಮ್ಮ ಅಪ್ಪ, ಅವ್ವ ತೀರಿದ ಮೇಲೆ ಆ ಹಳೆಯ ಹೆಸರು ನನ್ನ ಕಿವಿಗೆ ಬಿದ್ದದ್ದೇ ಇಲ್ಲ. ಮರೆತಿದ್ದೆ. ಮರೆತದ್ದು ತಪ್ಪೇ? ಕೋಣೆಗೆ ಬಂದು, "ಹೆಸರ ಬರೀಲಿಕ್ಕೆ ಕಲತಿ, ಛಲೋ ಆತು. ಇದ್ದ ಹೆಸರ ಬರೀಬಾರದಿತ್ತೇನ?" ಎಂದೆ. "ಮಂಗಲ ನಿಮ್ಮ ಹೆಸರ ಹೇಳ್ರಿ ಅಂದಳು. ನಂದನ್ನ ಹೇಳಿದೆ" ಎಂದಳು. ಈ ಉತ್ತರದೊಳಗೆ ವಾದ ಮಾಡಲು ಬೆರಳಿಡುವಷ್ಟು ಸಂದೂ ಇಲ್ಲ, ಹುಡುಕಿ ನೋಡಿದ್ದೇನೆ.

ಈಗ ನಿನ್ನ ಅಂಚಿನ ಮಾತಿಗೆ ಬರುತ್ತೇನೆ. ನೀನು ಕಳಿಸಿದ ನಕಲನ್ನು ನಾನು ಓದಿ ಹೇಳಹೊರಟರೆ, ಇವಳು ಕಾಗದವನ್ನೇ ಕಸಿದುಕೊಂಡಳು. ಅಕ್ಷರಗಳನ್ನು ಈಗ ಮಂಗಲ ಟಪಾಲಿನಲ್ಲಿ ಕಳಿಸುತ್ತಿದ್ದಾಳೆ, ವಾರಕ್ಕೆ ಒಂದು ಕಾರ್ಡು, ಕಾರ್ಡಿಗೆ ಐದು ಅಕ್ಷರ. ಮೊದಲ ಸಾಲಿನ ಹೆಸರೊಂದನ್ನು ಓದಲು ಒಂದು ಚಹಾ ಆರಿಹೋಗುವಷ್ಟು ಹೊತ್ತು ಹಿಡಿಯಿತು. "ಸು... ಗಂ... ಧಾ" ಎಂದು ಓದಿ, ಬೆರಳನ್ನು ಅಲ್ಲೇ ಇಟ್ಟು ಹೇಳಿದಳು:

"ನನ್ನ ತಮ್ಮಗ ಬರೀರಿ. ಆ ಹೊಲದಾಗ ಸುಗಂಧಾಂದ ಏನೂ ಇಲ್ಲ, ಆಕಿ ಏನ ಬಿಟ್ಟಕೊಡತಾಳ? ಇದ್ದದ್ದು ತಾನವ್ವಂದ. ಆಕಿ ಬಿಡಾಂಗಿಲ್ಲ."

"ಹೆಸರ ತಿದ್ದಿಸಿ ತಂದರ?"

"ತರಲಿ. ಓದತೇನಿ. ಓದಿ, ಒಲ್ಲೆ ಅಂತೇನಿ."

"ತಮ್ಮ ಬ್ಯಾಸರ ಮಾಡಕೊತಾನ ನೋಡ."

"ಮಾಡಕೊಳ್ಳಲಿ. ಕಬ್ಬ ಅಂವನ ಹಚ್ಚಲಿ, ಅಂವನ ಕಡೀಲಿ, ಪೀಕ ಎಲ್ಲಾ ಅಂವನ ಉಣ್ಣಲಿ. ನಾ ಒಂದ ಗಳಾ ಕಬ್ಬ ಕೇಳಿದರ ಕೇಳ್ರಿ. ಹೊಲದ ಉತಾರದ ಕಾಗದದಾಗ ಅಪ್ಪನ ಹೆಸರಿನ ತಳಗ ನನ್ನ ಹೆಸರ ಇರಬೇಕು. ಬ್ಯಾರೆ ಎಲ್ಲೆ ಐತ್ರಿ ಅದು?"

ನಾನು ನಿನ್ನ ಪರವಾಗಿ ಇನ್ನೂ ನಾಲ್ಕು ದಿನ ವಕೀಲಿಕೆ ಮಾಡಿದೆ. ಆ ನಾಲ್ಕೂ ದಿನ ಸಾರಿನಲ್ಲಿ ಉಪ್ಪಿರಲಿಲ್ಲ. ಸೋತಿದ್ದೇನೆ. ಅಥಣಿಯಲ್ಲಿ ನಿನಗಾಗಿ ಕಾದಿರುವ ವಕೀಲರಿಗೆ ಹೆಬ್ಬೆಟ್ಟು ಬರುವುದಿಲ್ಲವೆಂದು ತಿಳಿಸು. ಸಿಟ್ಟನ್ನು ನನ್ನ ಮೇಲೆ ಹಾಕು, ಅಕ್ಕನ ಮೇಲೆ ಬೇಡ. ಬೇಕಾದರೆ ಒಂದು ದಿನ ನೀನೇ ಬಂದು ಮಾತಾಡು. ಹೊತ್ತು ಮುಳುಗುವ ಮುಂಚೆ ಬಾ, ಉಣ್ಣಲು ಸಿಗುತ್ತದೆ.

ನಿನ್ನ ಪ್ರವಾಸ ಸುಖವಾಗಲಿ. ಹೆಂಡತಿ, ಮಕ್ಕಳಿಗೆ ಇಬ್ಬರ ಆಶೀರ್ವಾದ. ಭಗವಂತ ನಿಮ್ಮನ್ನು ತೇಲಿಸಲಿ, ಹಡಗು ಆಮೇಲೆ.

ನಿನ್ನ ದಾಜಿ,
ಕಾಕಾಸಾಹೇಬ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನೆ ಇವಳನ್ನು ಕೇಳಿದೆ: "ಸುಗಂಧಾ ಅನ್ನೂದು ಅಷ್ಟ ಕೆಟ್ಟ ಹೆಸರೇನ?"

"ಕೆಟ್ಟದ್ದಲ್ಲರಿ. ನನಗ ಯಾರೂ ಹೇಳಲಿಲ್ಲ" ಎಂದಳು.

ನಮ್ಮ ಲಗ್ನದಲ್ಲಿ ನೀನು ಏಳು ವರ್ಷದವನು, ನಿನಗೆ ನೆನಪಿರಲಿಕ್ಕಿಲ್ಲ. ತಾಟಿನಲ್ಲಿ ಅಕ್ಕಿ ಹರಡಿ, ಉಂಗುರದಿಂದ ನಾನು ಅವಳ ಹೊಸ ಹೆಸರು ಬರೆದೆ. ಸುತ್ತಲಿನವರೆಲ್ಲ ಬಗ್ಗಿ ಓದಿ ಚಂದ ಐತಿ, ಚಂದ ಐತಿ ಎಂದರು. ವಾಜಂತ್ರಿಯ ಗದ್ದಲದಲ್ಲಿ ಯಾರೂ ಗಟ್ಟಿಯಾಗಿ ಓದಿ ಹೇಳಲಿಲ್ಲವಂತೆ. ಇವಳೂ ಅಕ್ಕಿ ನೋಡಿ ತಲೆಯಾಡಿಸಿದಳಂತೆ. ಮೂರನೆಯ ದಿನ ನಮ್ಮ ಪಡಸಾಲೆಯಲ್ಲಿ ಕಾಳು ಆರಿಸುತ್ತ ಕೂತಿದ್ದಾಗ ನಮ್ಮವ್ವ "ಸುಗಂಧಾ, ನೀರ ತಾ" ಎಂದು ಮೂರು ಸಲ ಕೂಗಿದಳಂತೆ. ಮನೆಯಲ್ಲಿ ಆ ಹೆಸರಿನ ಇನ್ನೊಬ್ಬ ಸೊಸೆ ಇದ್ದಾಳೆಂದು ತಿಳಿದು ಇವಳು ಸುಮ್ಮನೇ ಕೂತಳಂತೆ. "ಕಿವುಡಿನ್ನ ತಂದೇವಿ ನೋಡ್ರಿ" ಎಂದಳಂತೆ ನಮ್ಮವ್ವ. ಮನೆಯೆಲ್ಲ ನಕ್ಕಿತಂತೆ.

"ನೀವೂ ನಕ್ರಿ" ಎಂದಳು.

ನಕ್ಕದ್ದು ನನಗೆ ನೆನಪಿಲ್ಲ, ಜಿನ್ನಪ್ಪಾ.

ಇವತ್ತು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು "ತಾನವ್ವಾ, ನೀರ ತಾ" ಎಂದು ಕರೆದೆ. ಮೂರು ಸಲ ಕರೆದೆ. ಒಳಗೆ ಪಾತ್ರೆಯ ಸಪ್ಪಳ ನಿಂತಿತು. ಅವಳು ಹೊರಗೆ ಬರಲಿಲ್ಲ. ನನ್ನ ನೀರು ನಾನೇ ತಂದುಕೊಂಡೆ.